ಗಡಿ ದಾಟಿದರೂ ಬೆನ್ನು ಬಿಡದ ಚಲಾನು

ಸ್ಮರಣ ಸಂಚಿಕೆಗೆ ಶಾಲೆಯ ನೆನಪುಗಳನ್ನು ಬರೆಯುವುದು ರೂಢಿ. ಆ ಕಾರ್ಯವನ್ನು ನನಗಿಂತ ಹಿರಿಯರಾದ ಹಳೆಯ ವಿದ್ಯಾರ್ಥಿಗಳು ಮಾಡಿರುವುದರಿಂದ, ವಕೀಲಿ ವೃತ್ತಿಯಲ್ಲಿರುವ ನಾನು ನಮ್ಮವರಿಗೆ ಉಪಯೋಗವಾಗಬಹುದಾದ ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ.

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ನಡುವೆ ಗಡಿ ಬಂದರೂ ಬೀಗತನ ನಿಲ್ಲಲಿಲ್ಲ. ಉಮರ್ಗಾದವರು ಮುರುಮಿನ ಮೇಲೆ ಆಳಂದಕ್ಕೂ, ನಿಲಂಗಾದವರು ಔರಾದ ಶಹಾಜಾನಿಯ ಮೇಲೆ ಭಾಲ್ಕಿಗೂ, ಉದಗೀರದವರು ಕಮಲನಗರದ ಮೇಲೆ ಬೀದರಕ್ಕೂ ಹೋಗಿಬರುತ್ತಲೇ ಇದ್ದಾರೆ. ಹೀಗಾಗಿ ಆಚೆಯ ರಾಜ್ಯದ ದಂಡ ಈಚೆ ನಡೆಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 1988ರ ಮೋಟಾರು ವಾಹನ ಕಾಯ್ದೆ ಇಡೀ ದೇಶಕ್ಕೆ ಒಂದೇ. 2019ರ ತಿದ್ದುಪಡಿಯು ಲೈಸೆನ್ಸುಗಳಿಗೂ ವಾಹನಗಳಿಗೂ ರಾಷ್ಟ್ರೀಯ ದಾಖಲೆಗೆ ಅವಕಾಶ ಕಲ್ಪಿಸಿದೆ. ಒಂದು ಕಡೆ ಅಮಾನತಾದ ಲೈಸೆನ್ಸು ಮತ್ತೊಂದು ಕಡೆ ಜೀವ ಪಡೆಯುವುದಿಲ್ಲ.

ಮಹಾರಾಷ್ಟ್ರದ ಚಲಾನು ಮರಾಠಿಯಲ್ಲಿ ಬರುತ್ತದೆ. ಅದರಲ್ಲಿನ 'ಪ್ರಲಂಬಿತ' ಎಂದರೆ ಬಾಕಿ. 'ತಡಜೋಡ ಶುಲ್ಕ' ಎಂದರೆ ರಾಜಿಯ ಹಣ. ಈ ಎರಡನೆಯ ಪದವೇ ಸಂಗತಿಯ ತಿರುಳು. ಸ್ಥಳದಲ್ಲಿ ಕಟ್ಟುವ ಮೊತ್ತ ನ್ಯಾಯಾಲಯ ವಿಧಿಸಿದ ದಂಡವಲ್ಲ, ಕಾಯ್ದೆಯ 200ನೆಯ ಕಲಮಿನ ಪ್ರಕಾರ ಮಾಡಿಕೊಂಡ ರಾಜಿ. ತಪ್ಪು ನಡೆದೇ ಇಲ್ಲವೆಂದು ಖಾತ್ರಿಯಿರುವವರು ರಾಜಿಯಾಗಬೇಕಾಗಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ತಮ್ಮ ವಾದವನ್ನು ಹೇಳಬಹುದು. ಕ್ಯಾಮೆರಾ ಹಿಡಿದ ಅಪರಾಧವಾದರೆ ಹದಿನೈದು ದಿನಗಳೊಳಗೆ ನೋಟಿಸು ಕಳುಹಿಸಬೇಕೆಂದು 2021ರ ನಿಯಮ ಹೇಳುತ್ತದೆ. ಚಿತ್ರದಲ್ಲಿರುವುದು ನಿಮ್ಮದೇ ಗಾಡಿಯೇ ಎಂಬುದನ್ನು ಮೊದಲು ನೋಡಿರಿ.

ಹಣ ಕಟ್ಟಿದರೆ ಎಲ್ಲವೂ ಅಳಿಸಿಹೋಯಿತೆಂದು ತಿಳಿಯುವವರೇ ಬಹಳ. 2019ರ ತಿದ್ದುಪಡಿಯ ನಂತರ ಹಾಗಿಲ್ಲ. ರಾಜಿಯಾದ ತಪ್ಪನ್ನೂ ಮೊದಲ ಅಪರಾಧವೆಂದೇ ಎಣಿಸಿ, ಅದೇ ತಪ್ಪು ಮರುಕಳಿಸಿದರೆ ಎರಡನೆಯದರ ಶಿಕ್ಷೆ ವಿಧಿಸಬಹುದು. ಅತಿವೇಗ, ಮದ್ಯಪಾನ, ಚಾಲನೆಯಲ್ಲಿ ಫೋನು ಮುಂತಾದವುಗಳಲ್ಲಿ ಪೊಲೀಸರು ಲೈಸೆನ್ಸನ್ನು ಆರ್.ಟಿ.ಓ. ಕಚೇರಿಗೆ ಕಳುಹಿಸಿ ಅಮಾನತು ಕೋರಬಹುದು. ಕಟ್ಟಿದ ಹಣ ಅದನ್ನು ತಡೆಯದು. ಹೆಲ್ಮೆಟ್ ಇಲ್ಲದ ಸವಾರಿಗೂ ಮೂರು ತಿಂಗಳ ಅನರ್ಹತೆಯನ್ನು ಕಾಯ್ದೆ ಹೇಳಿದೆ. ಟೆಂಪೊ, ಜೀಪು ನಡೆಸಿ ಸಂಸಾರ ಸಾಗಿಸುವವನಿಗೆ ಮೂರು ತಿಂಗಳೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಬಳಿಗೆ ಬರುವ ಹೆಚ್ಚಿನ ತಕರಾರುಗಳು ಮಾತ್ರ ಚಾಲಕರವಲ್ಲ, ಗಾಡಿ ಮಾರಿದವರವು. ನಮ್ಮಲ್ಲಿ ಮೋಟಾರ್‌ಸೈಕಲ್ ಮಾರುವುದೆಂದರೆ ಸ್ಟಾಂಪ್ ಕಾಗದದ ಮೇಲೆ ಸಹಿ ಹಾಕಿ ಕೀಲಿ ಕೊಡುವುದು. ಕೊಂಡವನು ಗಡಿಯಾಚೆ ಇನ್ನೊಬ್ಬನಿಗೆ ಮಾರುತ್ತಾನೆ; ಚಲಾನುಗಳೆಲ್ಲ ಮೊದಲಿನವನ ಫೋನಿಗೆ ಬರುತ್ತವೆ. ಅಷ್ಟಕ್ಕೇ ಮುಗಿದರೆ ಪುಣ್ಯ. ಅಪಘಾತವಾಗಿ, ಗಾಡಿಗೆ ವಿಮೆಯೂ ಇಲ್ಲದಿದ್ದರೆ ಪರಿಹಾರದ ಹೊರೆ ಯಾರದು? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ಸರ್ವೋಚ್ಚ ನ್ಯಾಯಾಲಯವು 2018ರ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಅಲ್ಲಿಯೂ ಕಾರು ಕೈಯಿಂದ ಕೈಗೆ ದಾಟಿತ್ತು, ಹೆಸರು ಮಾತ್ರ ಮೊದಲಿನವರದೇ ಉಳಿದಿತ್ತು. ಹೊಲ ಮಾರಿ ಪರಿಹಾರ ಕಟ್ಟುವ ಪ್ರಸಂಗವನ್ನು ಒಂದು ಸಹಿಯ ಆಲಸ್ಯ ತಂದೀತು.

ಆದುದರಿಂದ ಮಾರುವಾಗ 29 ಮತ್ತು 30ನೆಯ ನಮೂನೆಗಳನ್ನು ತುಂಬಿ, ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳಲ್ಲಿ, ಹೊರರಾಜ್ಯಕ್ಕಾದರೆ 45 ದಿನಗಳಲ್ಲಿ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ಹೊರರಾಜ್ಯಕ್ಕೆ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರವೂ ಬೇಕು. ಬೀದರದ ನಂಬರಿನ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಉಮರ್ಗಾದಲ್ಲಿ ಇಟ್ಟುಕೊಳ್ಳುವವರು ಹೊಸ ನೋಂದಣಿ ಮಾಡಿಸತಕ್ಕದ್ದು. ಮನೆ ಬದಲಿಸಿದರೆ ವಿಳಾಸವನ್ನು ಮೂವತ್ತು ದಿನಗಳೊಳಗೆ ತಿದ್ದಿಸಿರಿ; ಫೋನು ನಂಬರು ಬದಲಾದರೆ ಅದನ್ನೂ ಕೂಡಲೇ ಸೇರಿಸಿರಿ, ಇಲ್ಲವಾದರೆ ಚಲಾನು ಬಂದುದೇ ತಿಳಿಯದು. ಇನ್ನು ಚಲಾನಿನ ಹೆಸರಿನಲ್ಲಿ ಯಾವುದಾದರೂ ಆ್ಯಪನ್ನು ಇಳಿಸಿಕೊಳ್ಳಲು ಹೇಳುವ ಸಂದೇಶ ಬಂದರೆ ಅದು ವಂಚಕರದು. ಮುಟ್ಟದೆ, ಮನೆಯ ಹಿರಿಯರಿಗೂ ತಿಳಿಸಿಡಿರಿ.