ಕಡಲಿಗಿಳಿಯುವ ಬ್ಯಾಟರಿ

ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ ಮಲ್ಪೆಯ ಬಂದರಿಗೆ ಹೋದವರಿಗೆ, ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಧಕ್ಕೆಗೆ ಕಟ್ಟಿ ನಿಂತಿದ್ದ ಯಾಂತ್ರಿಕ ದೋಣಿಗಳು ಮಂಜುಗಡ್ಡೆ, ಡೀಸೆಲ್, ಬಲೆಗಳನ್ನು ತುಂಬಿಕೊಂಡು ಮರಳಿ ಕಡಲಿಗೆ ಹೊರಡುವ ಸಂಭ್ರಮದ ನಡುವೆ, ಯಾವುದೋ ಒಂದು ಬೋಟಿನ ಎಂಜಿನ್ ಕೋಣೆಯಿಂದ ‘ಟಕ್, ಟಕ್’ ಎಂಬ ಕ್ಷೀಣವಾದ ಸದ್ದೂ ಕಿವಿಗೆ ಬೀಳುವುದುಂಟು. ಎಂಜಿನ್ ಸುಸ್ಥಿತಿಯಲ್ಲಿದೆ, ಎಣ್ಣೆಯಿದೆ. ಆದರೆ ಅದನ್ನು ಎಬ್ಬಿಸಬೇಕಾದ ಬ್ಯಾಟರಿ ಎರಡು ತಿಂಗಳ ನಿದ್ರೆಯಲ್ಲಿ ಸತ್ತುಹೋಗಿದೆ. ದಡದಲ್ಲಿ ಇದು ಕೇವಲ ಕಿರಿಕಿರಿ, ನಡುಗಡಲಿನಲ್ಲಿ ಪ್ರಾಣಸಂಕಟ.

ದೋಣಿಯ ಬ್ಯಾಟರಿ ಕೆಡುವುದಕ್ಕೆ ಅದರ ಗಾತ್ರ ಸಾಲದೆಂಬುದು ಕಾರಣವಾಗುವುದು ವಿರಳ. ಪರಸ್ಪರ ವಿರುದ್ಧವಾದ ಎರಡು ಕೆಲಸಗಳನ್ನು ಒಂದರ ಮೇಲೆಯೇ ಹೊರಿಸುವುದೇ ಹೆಚ್ಚಿನ ವೇಳೆ ಕಾರಣವೆಂದು ನಾನು ಬಲ್ಲೆ. ಎಂಜಿನ್ ಹೊರಳಿಸುವ ಬ್ಯಾಟರಿಯೊಳಗೆ ತೆಳುವಾದ ಸೀಸದ ಫಲಕಗಳು ಬಹುಸಂಖ್ಯೆಯಲ್ಲಿದ್ದು, ಅವು ಕೆಲವೇ ಕ್ಷಣಗಳ ಕಾಲ ನೂರಾರು ಆಂಪಿಯರ್ ಪ್ರವಾಹವನ್ನು ಒಮ್ಮೆಲೇ ಸುರಿಯಬಲ್ಲವು. ರಾತ್ರಿಯಿಡೀ ದೀಪ, ವಯರ್‌ಲೆಸ್, ಜಿಪಿಎಸ್, ಮೀನು ತೋರಿಸುವ ಯಂತ್ರ ಇವುಗಳಿಗೆ ಅನ್ನವುಣ್ಣಿಸುವ ಬ್ಯಾಟರಿಗಾದರೋ ದಪ್ಪನೆಯ ಫಲಕಗಳು ಬೇಕು. ಮೊದಲನೆಯದು ಓಟಗಾರ, ಎರಡನೆಯದು ಹೊರೆಯಾಳು. ಆದುದರಿಂದ ಎರಡನ್ನೂ ಬೇರೆಬೇರೆ ಇರಿಸಿ, ಎಂಜಿನ್ ನಡೆಯುವಾಗ ಎರಡೂ ಚಾರ್ಜಾಗುವಂತೆಯೂ ಅದು ನಿಂತೊಡನೆ ಸಂಬಂಧ ಕಡಿಯುವಂತೆಯೂ ನಡುವೆ ಒಂದು ರಿಲೇ ಇಡತಕ್ಕದ್ದು. ಕೈಯಿಂದ ತಿರುಗಿಸುವ ಸ್ವಿಚ್ಚೂ ಆಗಬಹುದು. ಆದರೆ ಎಂಜಿನ್ ಓಡುತ್ತಿರುವಾಗ ಅದನ್ನು ‘ಆಫ್’ಗೆ ಒಯ್ದರೆ ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗುವ ಸಂಭವವಿದೆ. ದೊಡ್ಡ ಎಂಜಿನ್ನುಗಳಿಗಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿಕೊಂಡವರು, ವಯರ್‌ಲೆಸ್ಸಿಗೆಂದು ಒಂದರಿಂದ ಮಾತ್ರ ತಂತಿ ಎಳೆಯುವುದುಂಟು. ಜೋಡೆತ್ತುಗಳಲ್ಲಿ ಒಂದಕ್ಕೇ ಮೇವು ಕಡಿಮೆ ಮಾಡಿದಂತೆ, ಆ ಜೋಡಿ ಬಹುಕಾಲ ಬಾಳದು.

ಎಷ್ಟು ದೊಡ್ಡ ಬ್ಯಾಟರಿ ಬೇಕೆಂಬುದು ಬಾಯಿಲೆಕ್ಕದ ಮಾತು. ಎಲ್ಲ ಉಪಕರಣಗಳೂ ಸೇರಿ 6 ಆಂಪಿಯರ್ ಎಳೆಯುವುದಾದರೆ, 10 ಗಂಟೆಗೆ 60 ಆಂಪಿಯರ್-ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುವುದರಿಂದ 120 ಆಂಪಿಯರ್-ಗಂಟೆಯದು ಬೇಕು.

ಇಷ್ಟೆಲ್ಲ ಮಾಡಿಯೂ ಸೋಲುವವರು ಸೋಲುವುದು ಸಾಮಾನ್ಯವಾಗಿ ಒಂದು ಬೋಲ್ಟಿನ ತುದಿಯಲ್ಲಿ. ಉಪ್ಪುಗಾಳಿಗೆ ತಾಮ್ರವೆಂದರೆ ಪ್ರೀತಿ. ಟರ್ಮಿನಲ್ಲಿನ ಸುತ್ತ ಬಿಳಿಹಸುರಿನ ಹಿಟ್ಟು ಅರಳಿ ನಿಂತಿರುವುದನ್ನು ಕಂಡವರು ಅದರ ಮೇಲೆ ಬಿಸಿನೀರು ಸುರಿದು ಸುಮ್ಮನಾಗುವರು. ಕ್ಲಾಂಪನ್ನು ಬಿಚ್ಚಿ, ಒಳಮೈಯನ್ನು ಉಜ್ಜುಕಾಗದದಿಂದ ಸೀಸ ಹೊಳೆಯುವವರೆಗೆ ಉಜ್ಜಿ, ಬಿಗಿದು, ಆಮೇಲೆ ವ್ಯಾಸಲೀನು ಬಳಿಯುವವರೆಗೆ ಆ ಕೆಲಸ ಮುಗಿದಂತಲ್ಲ. ತಂತಿಯೂ ಮನೆಯ ವಯರಿಂಗಿನದಾಗಬಾರದು: ತವರದ ಲೇಪವುಳ್ಳ, ಸಣ್ಣ ಎಳೆಗಳ ತಾಮ್ರದ ತಂತಿಯೇ ಆಗಬೇಕು, ಪ್ರತಿಯೊಂದು ಕವಲಿನ ಫ್ಯೂಸೂ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು, ಏಕೆಂದರೆ ಫ್ಯೂಸಿಗಿಂತ ಹಿಂದಿರುವ ತಂತಿಯು ಉಜ್ಜಿ ತಗುಲಿದರೆ ಬೆಂಕಿಯನ್ನು ತಡೆಯುವವರಾರೂ ಇಲ್ಲ. ತಳದ ನೀರೆತ್ತುವ ಪಂಪಿನ ಸಂಪರ್ಕವನ್ನು ಮಾತ್ರ, ಅದರದೇ ಫ್ಯೂಸಿನೊಡನೆ, ಮುಖ್ಯ ಸ್ವಿಚ್ಚಿನ ಹಂಗಿಲ್ಲದೆ ನೇರವಾಗಿ ಕೊಡತಕ್ಕದ್ದು; ಎಲ್ಲರೂ ಮನೆಗೆ ಹೋದ ರಾತ್ರಿಯಲ್ಲಿಯೂ ದೋಣಿ ಸೋರಬಹುದಷ್ಟೆ.

ಚಾರ್ಜಾಗುವ ಸೀಸದ ಬ್ಯಾಟರಿ ಜಲಜನಕವನ್ನು ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಒಂದು ಕಿಡಿ ಸಾಕು. ಆದುದರಿಂದ ಬ್ಯಾಟರಿಯ ಪೆಟ್ಟಿಗೆಗೆ ಮೇಲ್ಗಡೆ ಗಾಳಿಕಿಂಡಿ ಬೇಕು. ಬ್ಯಾಟರಿಯನ್ನು ಅಲೆಗೆ ಜಗ್ಗದಂತೆ ಪಟ್ಟಿ ಹಾಕಿ ಕಟ್ಟಬೇಕು, ತಳದ ನೀರು ತಲಪದಷ್ಟು ಎತ್ತರದಲ್ಲಿ ಕೂರಿಸಬೇಕು; ಸಮುದ್ರದ ಉಪ್ಪುನೀರು ಒಳಗಿನ ಆಮ್ಲವನ್ನು ಕೂಡಿದರೆ ವಿಷವಾಯುವಾದ ಕ್ಲೋರಿನ್ ಹುಟ್ಟುತ್ತದೆ. ಈಚೆಗೆ ಬಂದಿರುವ ಲಿಥಿಯಂ ಬ್ಯಾಟರಿಗಳು ಹಗುರವೂ ದೀರ್ಘಾಯುಗಳೂ ಅಹುದು. ಆದರೆ ಹಳೆಯ ಚಾರ್ಜರಿಗೆ ಹಾಗೆಯೇ ಕಟ್ಟಿಬಿಡುವ ವಸ್ತುಗಳು ಅವಲ್ಲ.

ಇನ್ನು ಮಳೆಗಾಲದ ಪ್ರಶ್ನೆ. ಬಳಸದೆ ಬಿಟ್ಟ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ. ಇಳಿದ ಸ್ಥಿತಿಯಲ್ಲಿ ಉಳಿದರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾದ ಹರಳುಗಟ್ಟಿ, ಆಮೇಲೆ ಎಷ್ಟು ಚಾರ್ಜು ಕೊಟ್ಟರೂ ಕರಗದು. ಜೂನ್ ಬಂದೊಡನೆ ತಂತಿ ಬಿಚ್ಚಿ, ಬ್ಯಾಟರಿಯನ್ನು ಮನೆಗೆ ಒಯ್ದು, ಫಲಕಗಳು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ತಿಂಗಳಿಗೊಮ್ಮೆ ಪೂರ್ಣ ಚಾರ್ಜು ಕೊಡಿ. ದೋಣಿಗೆ ಮರಳಿ ಏರಿಸುವ ಮುನ್ನ, ಚಾರ್ಜರಿನಿಂದ ಬಿಡಿಸಿ ಒಂದು ರಾತ್ರಿ ಸುಮ್ಮನಿಟ್ಟು, ಬೆಳಿಗ್ಗೆ ಮೀಟರು ಹಿಡಿದು ನೋಡಿ: 12.6 ವೋಲ್ಟಿನ ಮೇಲಿದ್ದರೆ ಕೊಂಡೊಯ್ಯಿರಿ, 12.2ಕ್ಕೆ ಇಳಿದಿದ್ದರೆ ಅದನ್ನು ನಂಬಿ ಅಳಿವೆ ದಾಟಬೇಡಿ.