ಬೀಸಿಗೆ ತಕ್ಕ ದಾಂಡು

ಬನಹಟ್ಟಿ ಮಗ್ಗಗಳ ಊರು. ಗಾಲ್ಫ್ ಆಟದ ಊರಲ್ಲ. ಆದರೂ ಈ ಹೊತ್ತು ನಾವು ಹೇಳಹೊರಟಿರುವ ವಿಷಯವನ್ನು ಆ ಊರಿನ ನೇಕಾರನು ನಗರದ ಅನೇಕ ಕ್ರೀಡಾಭಿಮಾನಿಗಳಿಗಿಂತ ಬೇಗನೆ ಗ್ರಹಿಸಿಯಾನೆಂದು ತೋರುತ್ತದೆ. ಕುಣಿಮಗ್ಗದ ಅಂಚಿನಲ್ಲಿ ಕುಳಿತು ನೇಯುವವನ ಕಾಲು ಕುಣಿಯೊಳಗಿನ ತುಳಿಯುವ ಹಲಗೆಗೆ ಸರಾಗವಾಗಿ ಎಟುಕಬೇಕು. ಉದ್ದ ಕಾಲಿನವನಿಗೆಂದು ತೋಡಿದ ಕುಣಿಯಲ್ಲಿ ಗಿಡ್ಡನಾದವನು ಕುಳಿತನಾದರೆ, ಒಂದೊಂದು ತುಳಿತಕ್ಕೂ ಸೊಂಟವನ್ನು ಜಾರಿಸಬೇಕಾಗುತ್ತದೆ. ಸೀರೆಯೇನೋ ಆಗುತ್ತದೆ, ಬೆನ್ನು ಹಾಳಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಕಾಲಕ್ರಮದಲ್ಲಿ ಮೈ ಆ ವಕ್ರಭಂಗಿಗೇ ಒಗ್ಗಿಹೋಗಿ, ಮುಂದೆ ಸರಿಯಾದ ಮಗ್ಗದಲ್ಲಿ ಕೂರಿಸಿದರೂ ಕೈ ಓಡುವುದಿಲ್ಲ. ಗಾಲ್ಫ್ ದಾಂಡಿನ ಸಮಸ್ಯೆಯೂ ಇದೇ ಜಾತಿಯದು.

ನಮ್ಮ ನಾಡಿಗೆ ಈ ಆಟ ಹೊಸದೇನೂ ಅಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪಿತವಾದುದು 1876ರಲ್ಲಿ. ಆದರೆ ಚಿನ್ನಿದಾಂಡು ಆಡುವ ಹುಡುಗನು ತನ್ನ ತೋಳಿಗೆ ತಕ್ಕ ಕೋಲನ್ನು ತಾನೇ ಕಡಿದುಕೊಳ್ಳುವಂತೆ ಗಾಲ್ಫ್ ಆಟಗಾರನು ಮಾಡಲಾರನು. ಅಂಗಡಿಯಲ್ಲಿ ಒಂದೇ ಅಳತೆಗೆ ಮಾಡಿಟ್ಟದ್ದನ್ನು ಕೊಳ್ಳುತ್ತಾನೆ. ದಾಂಡಿನಲ್ಲಿ ಮೂರು ಅಂಗಗಳುಂಟು: ಕೈ ಹಿಡಿಯುವ ಹಿಡಿ, ನಡುವಿನ ಕಾವು, ಚೆಂಡಿಗೆ ತಗಲುವ ತಲೆ. ಈ ಮೂರರಲ್ಲಿ ಯಾವುದು ಹೊಂದದಿದ್ದರೂ ಚೆಂಡು ದಾರಿ ತಪ್ಪುತ್ತದೆ. ಆಟಗಾರನು ತನ್ನ ಕೈಯನ್ನು ಹಳಿದುಕೊಳ್ಳುತ್ತಾನೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ತಲೆಗೂ ಕಾವಿಗೂ ನಡುವಣ ಕೋನ. ತಲೆಯ ತಳವು ಹುಲ್ಲಿನ ಮೇಲೆ ಸಮನಾಗಿ ಕೂರಬೇಕು. ಕೋನ ಹೆಚ್ಚು ನೆಟ್ಟಗಾದರೆ ತಲೆಯ ಹಿಮ್ಮಡಿ ನೆಲಕ್ಕೆ ತಾಗಿ ತುದಿ ಮೇಲೇಳುತ್ತದೆ. ಬಲಗೈ ಆಟಗಾರನ ಚೆಂಡು ಆಗ ಎಡಕ್ಕೆ ಹೋಗುತ್ತದೆ. ತುದಿಯೇ ನೆಲಕ್ಕೆ ತಾಗಿದರೆ ಬಲಕ್ಕೆ. ಇದೇಕೆ ಹೀಗೆ? ಒಂದು ಮೊರವನ್ನು ಎದೆಯ ಮುಂದೆ, ಅದರ ಮುಖ ಅರೆ ಆಕಾಶಕ್ಕೂ ಅರೆ ಮುಂದಕ್ಕೂ ಇರುವಂತೆ ಓರೆಯಾಗಿ ಹಿಡಿಯಿರಿ. ಈಗ ಅದರ ಬಲಗಡೆಯ ಅಂಚನ್ನು ಸ್ವಲ್ಪ ಮೇಲೆತ್ತಿ. ಮೊರದ ಮುಖ ಎಡಕ್ಕೆ ತಿರುಗಿತಲ್ಲವೆ? ಮೊರವನ್ನು ಗೋಡೆಯಂತೆ ನೆಟ್ಟಗೆ ಹಿಡಿದು ಹೀಗೆಯೇ ಅಂಚನ್ನೆತ್ತಿದರೆ ಮುಖ ಎತ್ತಲೂ ತಿರುಗದು. ಆದುದರಿಂದ ಮುಖದ ಓರೆ ಹೆಚ್ಚಾದ, ಚೆಂಡನ್ನು ಎತ್ತರಕ್ಕೆ ಹಾರಿಸತಕ್ಕ ಗಿಡ್ಡ ದಾಂಡುಗಳಲ್ಲೇ ಈ ದೋಷ ಹೆಚ್ಚಾಗಿ ಕಾಡುತ್ತದೆ. ಮಧ್ಯಮ ದಾಂಡಿನಲ್ಲಿ ಒಂದು ಡಿಗ್ರಿ ತಪ್ಪಿದರೆ ಚೆಂಡು ಸುಮಾರು 3-4 ಗಜ ಪಕ್ಕಕ್ಕೆ ಸರಿಯುತ್ತದೆ.

ಈ ಕೋನವನ್ನು ಆಟಗಾರನನ್ನು ಸುಮ್ಮನೆ ನಿಲ್ಲಿಸಿ ಅಳೆದರೆ ಸಾಲದು. ಬೀಸಿನ ವೇಗದಲ್ಲಿ ಕಾವು ಕೆಳಮುಖವಾಗಿ ಬಾಗಿ ತಲೆಯ ತುದಿ ತುಸು ಇಳಿಯುತ್ತದೆ. ಹೊಡೆಯುವ ಕ್ಷಣದಲ್ಲಿ ಕೈಗಳೂ ನಿಂತಾಗ ಇದ್ದುದಕ್ಕಿಂತ ಮೇಲಿರುತ್ತವೆ. ಆದುದರಿಂದ ತಲೆಯ ತಳಕ್ಕೆ ಅಂಟುಪಟ್ಟಿಯನ್ನು ಹಚ್ಚಿ, ಗಟ್ಟಿಯಾದ ಹಲಗೆಯ ಮೇಲೆ ಚೆಂಡನ್ನಿಟ್ಟು ಹೊಡೆಯಿಸುತ್ತಾರೆ. ಪಟ್ಟಿಯ ಮೇಲೆ ಗೀರು ನಡುವೆ ಬಿದ್ದಿದೆಯೋ, ಹಿಮ್ಮಡಿಯ ಕಡೆಗೋ, ತುದಿಯ ಕಡೆಗೋ ಎಂಬುದನ್ನು ನೋಡಿ, ತಲೆಯನ್ನು ಇಕ್ಕಳದಲ್ಲಿ ಬಿಗಿದು ಒಂದೆರಡು ಡಿಗ್ರಿ ಬಾಗಿಸುತ್ತಾರೆ. ಬಡಿದು ಮಾಡಿದ ಮೃದು ಉಕ್ಕಾದರೆ ಸುಲಭವಾಗಿ ಬಾಗುತ್ತದೆ. ಅಳೆಯತಕ್ಕದ್ದು ಮೈಯನ್ನಲ್ಲ, ಬೀಸನ್ನು. ದರ್ಜಿಗೂ ದಾಂಡು ಹೊಂದಿಸುವವನಿಗೂ ಇರುವ ಅಂತರ ಇದೇ.

ಉಳಿದ ಅಳತೆಗಳು ಇಷ್ಟು ಕಠಿಣವಲ್ಲವಾದರೂ ಒಂದಕ್ಕೊಂದು ಹೆಣೆದುಕೊಂಡಿವೆ. ಉದ್ದವನ್ನು ಎತ್ತರದಿಂದಲ್ಲದೆ ಮಣಿಕಟ್ಟಿನಿಂದ ನೆಲಕ್ಕಿರುವ ದೂರದಿಂದ ನಿರ್ಣಯಿಸಲು ಮೊದಲು ಮಾಡುತ್ತಾರೆ. ಒಂದೇ ಎತ್ತರದ ಇಬ್ಬರ ತೋಳುಗಳು ಒಂದೇ ಉದ್ದವಿರುವುದಿಲ್ಲ. ಆದರೆ ಕಾವನ್ನು ಅರ್ಧ ಅಂಗುಲ ಬೆಳಸಿದೊಡನೆ ತಲೆ ಕೈಗೆ ಹೆಚ್ಚು ಭಾರವೆನಿಸುತ್ತದೆ. ಕೋನವೂ ನೆಟ್ಟಗಾದಂತೆ ವರ್ತಿಸುತ್ತದೆ. ಕಾವಿನ ಬಳುಕು ಬೀಸಿನ ವೇಗಕ್ಕೆ ತಕ್ಕಂತಿರಬೇಕು: ವೇಗವುಳ್ಳವನಿಗೆ ಬಿರುಸಾದದ್ದು, ನಿಧಾನಿಗೆ ಬಳುಕುವಂಥದು. ಇಲ್ಲಿ ಒಂದು ಗೊಂದಲವುಂಟು. ಬಳುಕಿಗೆ ಎಲ್ಲ ತಯಾರಕರೂ ಒಪ್ಪಿದ ಮಾನವಿಲ್ಲ. ಒಬ್ಬನ ಸಾಧಾರಣ ಮತ್ತೊಬ್ಬನ ಬಿರುಸಾಗಬಹುದು. ಕಾವಿನ ಮೇಲಿನ ಅಕ್ಷರವನ್ನು ನಂಬಿ ಹಣ ಕೊಡುವುದು ಜಾಣತನವಲ್ಲ.

ಹಿಂದೆ ಹಿಕರಿ ಮರದ ಕಾವುಗಳಿದ್ದಾಗ ಒಂದು ಮತ್ತೊಂದರಂತಿರುತ್ತಿರಲಿಲ್ಲ. ಆಟಗಾರನು ಹತ್ತಾರನ್ನು ಬೀಸಿ ನೋಡಿ ಕೈಗೆ ಹಿತವಾದುದನ್ನು ಆರಿಸಿಕೊಳ್ಳುತ್ತಿದ್ದನು. 1930ರಲ್ಲಿ ಒಂದೇ ವರ್ಷ ಬ್ರಿಟನ್ ಮತ್ತು ಅಮೆರಿಕದ ನಾಲ್ಕು ಮಹಾಸ್ಪರ್ಧೆಗಳನ್ನು ಗೆದ್ದ ಬಾಬಿ ಜೋನ್ಸನ ದಾಂಡುಗಳನ್ನು ಬಹುಕಾಲದ ಮೇಲೆ ಪರೀಕ್ಷಿಸಲಾಗಿ, ಒಂದರ ಹೊರತು ಮಿಕ್ಕವೆಲ್ಲ ತಮ್ಮತಮ್ಮೊಳಗೆ ಹೊಂದಿದ್ದುವೆಂದೂ, ಆ ಒಂದರ ಬಗ್ಗೆ ಅವನಿಗೆ ಆಡುವಾಗಲೇ ಅತೃಪ್ತಿಯಿತ್ತೆಂದೂ ಹೇಳುವುದುಂಟು. ಅಳತೆಯ ಯಂತ್ರ ಹೇಳಿದ್ದನ್ನು ಅಂಗೈ ಮೊದಲೇ ಹೇಳಿತ್ತು. 1929ರಲ್ಲಿ ಸೇಂಟ್ ಆಂಡ್ರೂಸಿನ ಆಡಳಿತಮಂಡಲಿಯು ಉಕ್ಕಿನ ಕಾವಿಗೆ ಸಮ್ಮತಿಯಿತ್ತ ಮೇಲೆ ಏಕರೂಪದ ದಾಂಡುಗಳು ಹೇರಳವಾದುವು. ಆರಿಸುವ ಕೈಯ ಅಭ್ಯಾಸ ತಪ್ಪಿತು.

ಈಗ ಕೇಳುಗರು ಆಕ್ಷೇಪಿಸಬಹುದು: ಬೀಸೇ ತಪ್ಪಾಗಿರುವಾಗ ಅದಕ್ಕೆ ದಾಂಡನ್ನು ಹೊಂದಿಸಿದರೆ ತಪ್ಪನ್ನು ಸ್ಥಿರಪಡಿಸಿದಂತಾಗದೆ? ಆಕ್ಷೇಪ ಗಟ್ಟಿಯಾದದ್ದೇ. ಆದರೆ ಆ ತಪ್ಪು ಎಲ್ಲಿಂದ ಬಂತೆಂಬುದನ್ನು ವಿಚಾರಿಸಬೇಕು. ತೀರ ನೆಟ್ಟಗಿರುವ ದಾಂಡು ಚೆಂಡನ್ನು ಎಡಕ್ಕೆ ಒಯ್ಯುತ್ತಿದ್ದರೆ, ಆಟಗಾರನು ತನಗರಿವಿಲ್ಲದೆಯೇ ಮಣಿಕಟ್ಟನ್ನು ಬಿಗಿಹಿಡಿದು ಬಲಕ್ಕೆ ತಳ್ಳುವುದನ್ನು ಕಲಿಯುತ್ತಾನೆ. ಎರಡು ತಪ್ಪುಗಳು ಸೇರಿ ಚೆಂಡು ನೇರವಾಗಿ ಹೋಗುತ್ತದೆ! ಮುಂದೆ ಶಿಕ್ಷಕನು ಮಣಿಕಟ್ಟನ್ನು ತಿದ್ದಿದರೆ ಆಟ ಕೆಡುತ್ತದೆ. ದಾಂಡನ್ನು ತಿದ್ದಿದರೂ ಕೆಡುತ್ತದೆ. ಎರಡನ್ನೂ ಒಟ್ಟಿಗೆ, ಸ್ವಲ್ಪಸ್ವಲ್ಪವಾಗಿ ತಿದ್ದುವ ತಾಳ್ಮೆ ಎಷ್ಟು ಜನಕ್ಕುಂಟು? ಆದಕಾರಣ ಹೊಸಬನಿಗೆ ಉದ್ದ, ತೂಕ, ಹಿಡಿಯ ದಪ್ಪ ಈ ಮೂರು ಮಾತ್ರ ಮೊದಲಿನಿಂದ ಸರಿಯಾಗಿರಲಿ, ಡಿಗ್ರಿಗಳ ಲೆಕ್ಕ ಬೀಸು ಒಂದು ಹದಕ್ಕೆ ಬಂದ ಮೇಲೆ ಎಂಬುದು ನಮ್ಮ ಮತ.

ಬೀಸಿನ ವೇಗ ಕಡಿಮೆಯೆಂದ ಮಾತ್ರಕ್ಕೆ ನಿರಾಶರಾಗಬೇಕಾಗಿಲ್ಲ. ಬೆಂಗಳೂರಿನ ಅದಿತಿ ಅಶೋಕ್ ಅವರು ಟೋಕಿಯೋ ಒಲಿಂಪಿಕ್ಸಿನಲ್ಲಿ, ಅಂದರೆ 2021ರ ಆಗಸ್ಟ್ ತಿಂಗಳಲ್ಲಿ, ದೂರ ಹೊಡೆಯುವುದರಲ್ಲಿ ಸ್ಪರ್ಧಿಗಳ ಪೈಕಿ ತೀರ ಹಿಂದಿದ್ದರೂ, ಕಂಚಿನ ಪದಕಕ್ಕೆ ಒಂದೇ ಹೊಡೆತದಿಂದ ಹಿಂದುಳಿದು ನಾಲ್ಕನೆಯವರಾದರು. ಮೊದಲ ಹೊಡೆತ ಗಿಡ್ಡವಾದವರು ಎರಡನೆಯದಕ್ಕೆ ಉದ್ದನೆಯ ದಾಂಡನ್ನೇ ಹಿಡಿಯಬೇಕಾಗುತ್ತದೆ. ನಿಧಾನದ ಬೀಸಿಗೆ ಚೆಂಡು ತಾನಾಗಿ ಏಳದು; ಮುಖದ ಓರೆ ಹೆಚ್ಚಿದ್ದರೆ ಅದು ಎದ್ದು, ಗಾಳಿಯಲ್ಲಿ ಹೆಚ್ಚು ಹೊತ್ತು ನಿಂತು, ದೂರವನ್ನೂ ಗಳಿಸುತ್ತದೆ. ಬಲಶಾಲಿಗಳ ದಾಂಡನ್ನು ಅನುಕರಿಸುವ ನಿಧಾನಿಗಳು ಈ ಲಾಭವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಕೊನೆಯದಾಗಿ ಮಕ್ಕಳ ವಿಷಯ. ನಮ್ಮಲ್ಲಿ ಈ ಆಟವನ್ನು ಕಲಿತವರೆಲ್ಲ ಶ್ರೀಮಂತರ ಮಕ್ಕಳಲ್ಲ. ಬೆಂಗಳೂರಿನ ಸಿ. ಮುನಿಯಪ್ಪನವರು ಇತರರ ಚೀಲ ಹೊರುವ ಕ್ಯಾಡಿಯಾಗಿದ್ದು, 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದರು. ಅಂಥ ಹುಡುಗರ ಕೈಗೆ ಸಾಮಾನ್ಯವಾಗಿ ಸಿಕ್ಕುವುದು ದೊಡ್ಡವರು ಬಿಸಾಡಿದ ದಾಂಡು. ಅದನ್ನು ಗರಗಸದಿಂದ ಕುಯ್ದು ಗಿಡ್ಡಮಾಡಿ ಕೊಟ್ಟರೆ ಆಯಿತೆಂದು ತಿಳಿಯುವವರುಂಟು. ಕುಯ್ದ ಕಾವು ಮೊದಲಿಗಿಂತ ಬಿರುಸಾಗುತ್ತದೆ. ತಲೆಯ ತೂಕವಾದರೋ ದೊಡ್ಡವರದೇ. ಎಂಟು ವರ್ಷದ ಹುಡುಗ ಅದನ್ನು ತೋಳಿನಿಂದ ಎತ್ತಲಾರದೆ ಮೈಯನ್ನೆಲ್ಲ ಹಿಂದಕ್ಕೆ ಬಾಗಿಸಿ ಬೀಸುತ್ತಾನೆ. ಹಗುರವಾದ ತಲೆ, ಬಳುಕುವ ಕಾವು, ಸಣ್ಣ ಹಿಡಿ ಇರುವ ಒಂದೆರಡು ದಾಂಡುಗಳೇ ಅವನಿಗೆ ಸಾಕು. ಅವುಗಳನ್ನು ಬೆಳೆದಂತೆ ಬದಲಿಸಿ, ಹಳೆಯವನ್ನು ಅವನಿಗಿಂತ ಕಿರಿಯನಾದ ಇನ್ನೊಬ್ಬ ಹುಡುಗನಿಗೆ ಕೊಡಬಹುದು.