ಎಂಜಿನ್ ಹೆಡ್ಡಿಗೆ ಹಳೆಯ ಬೋಲ್ಟೇ ಸಾಕೇ?

ಮಾಘ ಕಳೆದು ಬಿಸಿಲೇರಿತೆಂದರೆ ಕಡೂರು, ತರೀಕೆರೆ, ಅಜ್ಜಂಪುರದ ಅಡಿಕೆ ಬೆಳೆಗಾರರಿಗೆ ನೀರಿನದೇ ಚಿಂತೆ. ರೋಬಸ್ಟಾ ಕಾಫಿ ಇರುವ ಕಡೆ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರೇ ಗತಿ. ಆ ವಾರದಲ್ಲಿ ಡೀಸೆಲ್ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋದರೆ ಪೆಟ್ಟು ಬೀಳುವುದು ವರ್ಷದ ಫಸಲಿಗೆ. ಹೊಸ ಗ್ಯಾಸ್ಕೆಟ್ ಹಾಕಿಸಿದ ಸ್ವಲ್ಪ ದಿನಕ್ಕೇ ಮತ್ತೆ ಸೋರತೊಡಗಿದರೆ, ಗ್ಯಾಸ್ಕೆಟನ್ನು ದೂರುವ ಮುನ್ನ ಬೋಲ್ಟುಗಳನ್ನು ನೋಡುವುದು ಒಳ್ಳೆಯದು.

ಬೋಲ್ಟು ಬಿಗಿದಾಗ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಕುಗ್ಗಲು ಎಳೆಯುವ ಬಲವೇ ಹೆಡ್ಡನ್ನು ಬ್ಲಾಕಿಗೆ ಅದುಮಿ ಹಿಡಿಯುತ್ತದೆ. ಮಿತಿಮೀರಿ ಎಳೆದ ಸ್ಪ್ರಿಂಗು ಹೇಗೆ ಮೊದಲಿನಂತಾಗದೋ, ಅತಿಯಾಗಿ ಬಿಗಿದ ಬೋಲ್ಟೂ ಹಾಗೆಯೇ. ಕಣ್ಣಿಗೆ ಗಟ್ಟಿಯಾಗಿ ಕಂಡರೂ ಅದರ ಹಿಡಿತ ಹೋಗಿರುತ್ತದೆ.

ಹೆಡ್ಡು ಇಳಿಸಿದಾಗ ಹಳೆಯ ಬೋಲ್ಟನ್ನು ಹೊಸದರ ಪಕ್ಕದಲ್ಲಿಟ್ಟು ಉದ್ದ ಹೋಲಿಸಿ. ನಡು ಸಣ್ಣಗಾಗಿದ್ದರೆ, ಮರೆ ಸವೆದಿದ್ದರೆ, ತುಕ್ಕು ತಿಂದು ಗುಳಿ ಬಿದ್ದಿದ್ದರೆ, ನಟ್ಟು ಕೈಯಲ್ಲೇ ಸಲೀಸಾಗಿ ತಿರುಗದಿದ್ದರೆ, ಒಂದನ್ನಲ್ಲ, ಪೂರ್ತಿ ಸೆಟ್ಟನ್ನೇ ಬದಲಿಸಿ. ಬೋಲ್ಟಿಗೆ ಬದಲು ಸ್ಟಡ್ಡು, ನಟ್ಟು ಇರುವ ಎಂಜಿನ್ನಿಗೂ ಇದೇ ಮಾತು. ಹೊಸ ಮಾದರಿಯ ಕೆಲವು ಟ್ರಾಕ್ಟರು, ಜೀಪುಗಳಲ್ಲಿ ಹೆಡ್ ಬೋಲ್ಟು ಒಂದೇ ಸಲಕ್ಕೆಂದು ಮಾಡಿದ್ದು. ಕಂಪನಿಯ ಪುಸ್ತಕದಲ್ಲಿ ಹಾಗೆ ಹೇಳಿದ್ದರೆ ಮರಳಿ ಹಾಕಲೇಬಾರದು. ಬೋಲ್ಟಿನ ತಲೆಯ ಮೇಲಿನ 8.8, 10.9 ಎಂಬ ಅಂಕಿಗಳು ಉಕ್ಕಿನ ಬಲವನ್ನು ತಿಳಿಸುತ್ತವೆ. 10.9 ಇದ್ದ ಜಾಗಕ್ಕೆ ಅಂಗಡಿಯಲ್ಲಿ ಸಿಕ್ಕಿದ ಸಾದಾ ಬೋಲ್ಟು ಹಾಕಬಾರದು.

ಎಂಜಿನ್ ಪೂರ್ತಿ ತಣಿದ ಮೇಲೆಯೇ ಹೆಡ್ಡು ಬಿಚ್ಚಬೇಕು. ಜೋಡಿಸುವ ಮುನ್ನ ಬ್ಲಾಕಿನ ತೂತುಗಳಲ್ಲಿ ನಿಂತ ನೀರು, ಆಯಿಲ್ ತೆಗೆದು ಒರೆಸಬೇಕು. ದ್ರವ ಅದುಮಿದರೆ ಕುಗ್ಗದು. ತಳಮುಚ್ಚಿದ ತೂತಿನಲ್ಲಿ ಅದು ಉಳಿದರೆ ಬೋಲ್ಟು ಬಿಗಿಯುವಾಗ ಬ್ಲಾಕೇ ಸೀಳಬಹುದು. ಪಾನಾಕ್ಕೆ ಪೈಪು ಸಿಕ್ಕಿಸಿ ಅಂದಾಜಿನಲ್ಲಿ ಎಳೆಯುವ ಅಭ್ಯಾಸ ಬಿಟ್ಟು ಟಾರ್ಕ್ ವ್ರೆಂಚ್ ಬಳಸಿ. ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಎಷ್ಟು ಬಿಗಿ, ಮರೆಗೆ ಆಯಿಲ್ ಬೇಕೇ, ಓಡಿಸಿದ ನಂತರ ಮತ್ತೆ ಬಿಗಿಯಬೇಕೇ ಎಂಬುದಕ್ಕೆ ಕಂಪನಿಯ ಪುಸ್ತಕವೇ ಪ್ರಮಾಣ. ಕೊನೆಗೆ ಟ್ಯಾಪೆಟ್ ಸಂದನ್ನು ಸರಿಪಡಿಸಲು ಮರೆಯಬಾರದು.

ಒಂದು ಸೆಟ್ ಬೋಲ್ಟಿನ ಖರ್ಚು ಎಷ್ಟೇ ಇರಲಿ, ಹೂವಿಗೆ ನೀರು ತಪ್ಪಿದ ನಷ್ಟದ ಮುಂದೆ ಅದು ಅಲ್ಪ. ಎಂಜಿನ್ನಿಗೆ ಬಿಡುವಿರುವ ಮಳೆಗಾಲದಲ್ಲೇ ಈ ಕೆಲಸ ಮುಗಿಸಿಕೊಳ್ಳಬೇಕೆಂದು ಬೆಳೆಗಾರ ಬಾಂಧವರಲ್ಲಿ ನಮ್ಮ ವಿನಂತಿ.